ಎಫಿಷಿಯೆನ್ಸಿ: ಹತ್ತು ಸಾವಿರ ಅಡಿ ಆಳದ ಒಂದು ಮಾತು

ಇಂಗ್ಲಿಷಿನಿಂದ ಬಂದು ನಮ್ಮ ಮನೆಮಾತಿನಲ್ಲಿ ಚಾಪೆ ಹಾಸಿ ಕುಳಿತುಬಿಟ್ಟ ಪದಗಳಲ್ಲಿ ‘ಎಫಿಷಿಯೆಂಟ್’ ಎಂಬುದೂ ಒಂದು. ವಧುವಿನ ಕಡೆಯವರು ‘ಹುಡುಗ ಬಹಳ ಎಫಿಷಿಯೆಂಟ್, ಆಫೀಸಿನಲ್ಲಿ ಒಳ್ಳೆಯ ಹೆಸರು’ ಎನ್ನುತ್ತಾರೆ. ಅತ್ತೆಯಾದವಳು ನೆರೆಮನೆಯವರೊಡನೆ ಸೊಸೆಯನ್ನು ಹೊಗಳಬೇಕಾಗಿ ಬಂದಾಗ ಅದೇ ಮಾತನ್ನು ಸ್ವಲ್ಪ ಜಿಪುಣತನದಿಂದ ಬಳಸುತ್ತಾಳೆ. ಹೊಸ ಒಲೆ, ಹೊಸ ಪಂಪು, ಹೊಸ ಗುಮಾಸ್ತೆ, ಎಲ್ಲಕ್ಕೂ ಅದೊಂದೇ ವಿಶೇಷಣ. ಅದರ ದಾಯಾದಿಯಾದ ‘ಎಫೆಕ್ಟಿವ್’ ಕೂಡ ಅಷ್ಟೇ ಬಳಕೆಯಲ್ಲಿದೆ. ಡಾಕ್ಟರರ ಮಾತ್ರೆ ಎಫೆಕ್ಟಿವ್, ಮೇಷ್ಟರ ಗದರಿಕೆ ಎಫೆಕ್ಟಿವ್, ಸರ್ಕಾರದ ಆಜ್ಞೆ ಏಪ್ರಿಲ್ ಒಂದರಿಂದ ಎಫೆಕ್ಟಿವ್. ಎರಡೂ ಒಂದೇ ಎಂದು ತಿಳಿದು ಒಂದರ ಬದಲು ಇನ್ನೊಂದನ್ನು ಬಳಸುವವರೇ ನಮ್ಮಲ್ಲಿ ಹೆಚ್ಚು. ವ್ಯವಹಾರಕ್ಕೆ ಅದರಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ. ಆದರೆ ನಮ್ಮ ನಾಡಿನಲ್ಲಿಯೇ ಒಂದು ಸ್ಥಳವಿದೆ. ಅಲ್ಲಿ ಈ ಎರಡು ಪದಗಳ ನಡುವಣ ಅಂತರದ ಮೇಲೆ ಸಾವಿರಾರು ಸಂಸಾರಗಳ ಅನ್ನ ನಿಂತಿತ್ತು, ಎಷ್ಟೋ ಜನರ ಉಸಿರೂ ನಿಂತಿತ್ತು. ಅದು ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್.

ಮೊದಲು ಪದದ ಹುಟ್ಟನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಫಾಕೆರೆ’ ಎಂದರೆ ಮಾಡು. ಅದಕ್ಕೆ ‘ಹೊರಗೆ’ ಎಂಬರ್ಥದ ಉಪಸರ್ಗ ಸೇರಿದಾಗ ‘ಮಾಡಿ ಮುಗಿಸು, ನೆರವೇರಿಸು’ ಎಂಬರ್ಥದ ಧಾತು ಹುಟ್ಟಿತು. ಎಫೆಕ್ಟ್, ಎಫೆಕ್ಟಿವ್, ಎಫಿಕೆಸಿ, ಎಫಿಷಿಯೆಂಟ್, ಎಲ್ಲವೂ ಆ ಒಂದೇ ಬಸಿರಿನ ಮಕ್ಕಳು. ಒಂದೇ ಬಸಿರಾದರೂ ಸ್ವಭಾವ ಬೇರೆ. ಕಾರ್ಯ ಕೈಗೂಡಿತೆ ಎಂದು ಮಾತ್ರ ಕೇಳುವುದು ‘ಎಫೆಕ್ಟಿವ್’. ಎಷ್ಟು ವೆಚ್ಚದಲ್ಲಿ ಕೈಗೂಡಿತು ಎಂದು ಕೇಳುವುದು ‘ಎಫಿಷಿಯೆಂಟ್’. ‘ಎಫಿಕೆಸಿ’ ಔಷಧದಲ್ಲಿ ಅಡಗಿರುವ ಗುಣವನ್ನು ಹೇಳುತ್ತದೆ. ಈಚಿನ ಮಹಾಮಾರಿಯ ಕಾಲದಲ್ಲಿ ಲಸಿಕೆಗಳ ವಿಚಾರವಾಗಿ ಈ ಪದ ಪತ್ರಿಕೆಗಳಲ್ಲಿ ಹೇರಳವಾಗಿ ಬಂದುದನ್ನು ವಾಚಕರು ಬಲ್ಲರು. ಕ್ರಮಬದ್ಧವಾದ ಪ್ರಯೋಗದಲ್ಲಿ ಕಂಡ ಗುಣ ಎಫಿಕೆಸಿ. ಊರ ಜನರ ಮೇಲೆ, ಅವರ ಮರೆವು ಸೋಮಾರಿತನಗಳ ಸಹಿತವಾಗಿ, ಕಂಡುಬರುವ ಗುಣ ಎಫೆಕ್ಟಿವ್‌ನೆಸ್. ನಮ್ಮ ಅಜ್ಜಿಯರು ಇದನ್ನೇ ಇನ್ನೂ ಸೂಕ್ಷ್ಮವಾಗಿ ಒಡೆದಿದ್ದರು. ಮದ್ದಿನ ಗುಣ ಬೇರೆ, ಕೊಟ್ಟವನ ಕೈಗುಣ ಬೇರೆ. ಕೈಗುಣ ಎಂಬ ಪದಕ್ಕೆ ಸಮನಾದುದು ಇಂಗ್ಲಿಷಿನಲ್ಲಿ ಒಂದೇ ಮಾತಿನಲ್ಲಿ ಸಿಕ್ಕುವುದು ಕಷ್ಟ.

ಎಫೆಕ್ಟಿವ್‌ಗೂ ಎಫಿಷಿಯೆಂಟ್‌ಗೂ ಇರುವ ಭೇದ ಬೇಕಾದರೆ ನಮ್ಮ ಗಾದೆಯೊಂದೇ ಸಾಕು: ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಇಲಿ ಸಿಕ್ಕಿತು, ಆದ್ದರಿಂದ ಕೆಲಸ ಎಫೆಕ್ಟಿವ್. ಗುಡ್ಡ ಹೋಯಿತು, ಆದ್ದರಿಂದ ಎಫಿಷಿಯೆಂಟ್ ಅಲ್ಲ. ಇದರ ವಿಪರ್ಯಾಸಕ್ಕೆ ಪುರಾಣದಲ್ಲಿಯೇ ನಿದರ್ಶನವುಂಟು. ಎಫಿಷಿಯೆನ್ಸಿಗೆ ನಾವು ‘ದಕ್ಷತೆ’ ಎನ್ನುತ್ತೇವೆ. ದಕ್ಷ ಎಂದರೆ ಸಮರ್ಥ. ಬಲಗೈಯ ದಕ್ಷಿಣ, ಪುರೋಹಿತರ ದಕ್ಷಿಣೆ, ಎಲ್ಲ ಅದೇ ಬಳ್ಳಿಯ ಕಾಯಿಗಳು. ಆ ಹೆಸರನ್ನೇ ಹೊತ್ತ ದಕ್ಷಬ್ರಹ್ಮನು ಯಜ್ಞ ಮಾಡಿದಾಗ ಏರ್ಪಾಡಿನಲ್ಲಿ ಒಂದು ಸಮಿತ್ತಿಗೂ ಕೊರತೆಯಿರಲಿಲ್ಲ. ಶಿವನನ್ನು ಕರೆಯಲಿಲ್ಲ, ಅಷ್ಟೇ. ಆ ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು.

ಇನ್ನು ಗಣಿಗೆ ಹೋಗೋಣ. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಮಾರಿಕುಪ್ಪಂ ಕಡೆಯ ರೈಲು ಹಿಡಿದರೆ ಕೋರಮಂಡಲ, ಊರಿಗಾಂ ದಾಟಿ ಚಾಂಪಿಯನ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಲೋಹಪುರುಷರ ಬಿರುದಿನಂತಿರುವ ಈ ಹೆಸರು ವಾಸ್ತವವಾಗಿ ಭೂಮಿಯೊಳಗಿನ ಒಂದು ಕಲ್ಲಿನ ನಾಳದ್ದು. ಚಿನ್ನವನ್ನು ಹೊತ್ತ ಸ್ಫಟಿಕಶಿಲೆಯ ಆ ನಾಳವನ್ನು ಚಾಂಪಿಯನ್ ರೀಫ್ ಎಂದು ಕರೆದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಕಾಲಿಟ್ಟಿತು. ಅವರು ಆ ನಾಳವನ್ನು ಹಿಂಬಾಲಿಸುತ್ತ ಇಳಿದರು, ಇಳಿದರು. ಕೊನೆಗೆ ಚಾಂಪಿಯನ್ ರೀಫ್ ಗಣಿ 10,000 ಅಡಿಗಳನ್ನೂ ಮೀರಿ, ಲೋಕದ ಅತಿ ಆಳವಾದ ಗಣಿಗಳ ಸಾಲಿಗೆ ಸೇರಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಕಾರ್ನ್‌ವಾಲಿನ ನಂಟು

ಇಲ್ಲಿ ಒಂದು ಸ್ವಾರಸ್ಯವಿದೆ. ಕೋಲಾರಕ್ಕೆ ಟೇಲರ್ ಸಂಸ್ಥೆ ಕರೆತಂದ ಬಿಳಿಯ ಮೇಸ್ತ್ರಿಗಳಲ್ಲಿ ಬಹುಪಾಲು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಸೀಮೆಯವರು. ತಲೆತಲಾಂತರದಿಂದ ತವರ, ತಾಮ್ರದ ಗಣಿ ತೋಡಿದವರು. ಎಫಿಷಿಯೆನ್ಸಿ ಎಂಬ ಪದವೂ, ಯಂತ್ರಶಾಸ್ತ್ರದ ಅರ್ಥದಲ್ಲಿ, ಅದೇ ಸೀಮೆಯ ಗಣಿಗಳ ಸಂಬಂಧದಿಂದಲೇ ಹುಟ್ಟಿದ್ದು!

ಕಾರ್ನ್‌ವಾಲಿನಲ್ಲಿ ಲೋಹವಿತ್ತು, ಕಲ್ಲಿದ್ದಲಿರಲಿಲ್ಲ. ಗಣಿಯ ನೀರನ್ನು ಮೇಲೆತ್ತುವ ಉಗಿಯಂತ್ರಕ್ಕೆ ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಬೇಕಾಗಿತ್ತು. ಆದ್ದರಿಂದ ಯಂತ್ರ ನೀರೆತ್ತಿತೆ ಎಂಬುದಷ್ಟೇ ಅಲ್ಲ, ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂಬುದು ಒಡೆಯನ ನಿದ್ದೆಗೆಡಿಸುವ ಪ್ರಶ್ನೆ. ಈ ಅಳತೆಗೆ ಅವರು ಇಟ್ಟ ಹೆಸರು ‘ಡ್ಯೂಟಿ’. ಯಂತ್ರಕ್ಕೂ ಕರ್ತವ್ಯ! 1811ರಿಂದ ಅಲ್ಲಿ ತಿಂಗಳು ತಿಂಗಳಿಗೂ ಗಣಿಗಳ ಯಂತ್ರಗಳ ಡ್ಯೂಟಿಯನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ನಮ್ಮ ಶಾಲೆಯ ಮಕ್ಕಳ ಅಂಕಪಟ್ಟಿಯಂತೆ. ಆಗ ಒಂದು ಬುಷೆಲ್‌ಗೆ ಎರಡು ಕೋಟಿ ಪೌಂಡು ನೀರನ್ನು ಒಂದಡಿ ಎತ್ತುವುದೇ ದೊಡ್ಡ ಮಾತಾಗಿತ್ತು. ನೆರೆಯವನ ಅಂಕ ನೋಡಿ ಹೊಟ್ಟೆಕಿಚ್ಚು ಪಟ್ಟೋ ಏನೋ, ಇಪ್ಪತ್ತೈದು ವರ್ಷಗಳೊಳಗೆ ಅತ್ಯುತ್ತಮ ಯಂತ್ರಗಳು ಹತ್ತು ಕೋಟಿಯನ್ನು ದಾಟಿದವು. ಕೋಲಾರದ ಟೇಲರ್ ಸಂಸ್ಥೆಯ ಮೂಲಪುರುಷನಾದ ಜಾನ್ ಟೇಲರ್ ಆ ಕಾಲದಲ್ಲಿ ಕಾರ್ನ್‌ವಾಲಿನ ದೊಡ್ಡ ತಾಮ್ರದ ಗಣಿಗಳನ್ನು ನಡೆಸುತ್ತಿದ್ದವನು.

ಆ ಸೀಮೆಯಲ್ಲೇ ಹುಟ್ಟಿ, ಮುಂದೆ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಡೇವಿಸ್ ಗಿಲ್ಬರ್ಟ್ ಎಂಬ ವಿದ್ವಾಂಸ 1827ರಲ್ಲಿ ಒಂದು ಪ್ರಬಂಧ ಬರೆದು, ಯಂತ್ರದಲ್ಲಿ ಬಲವೂ ಅದು ಸರಿದ ದೂರವೂ ಗುಣಿಸಿ ಬರುವ ಮೊತ್ತಕ್ಕೆ ಒಂದು ಹೊಸ ಹೆಸರು ಬೇಕೆಂದು ವಾದಿಸಿದ. ಅವನು ಸೂಚಿಸಿದ ಹೆಸರೇ ಎಫಿಷಿಯೆನ್ಸಿ. ಹೆಸರು ಉಳಿಯಿತು, ಅರ್ಥ ಮಾತ್ರ ಕಾಲಕ್ರಮದಲ್ಲಿ ಸರಿದು, ಆ ಶತಮಾನದ ಮಧ್ಯಭಾಗದ ಹೊತ್ತಿಗೆ ‘ಕೊಟ್ಟದ್ದರಲ್ಲಿ ಎಷ್ಟು ಪಾಲು ಕೆಲಸವಾಗಿ ಹೊರಬಂತು’ ಎಂಬ ಭಾಗಾಕಾರವಾಯಿತು. ಮೇಲೆ ಪಡೆದದ್ದು, ಕೆಳಗೆ ಕೊಟ್ಟದ್ದು, ನಡುವೆ ಒಂದು ಗೆರೆ. ಅಂದಿನಿಂದ ಇಂದಿನವರೆಗೆ ಎಂಜಿನಿಯರುಗಳ ಎಫಿಷಿಯೆನ್ಸಿ ಎಂದರೆ ಇಷ್ಟೇ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ.

ಗೆರೆಯ ಮೇಲೆ, ಗೆರೆಯ ಕೆಳಗೆ

ಈ ಭಾಗಾಕಾರದ ವೈಭವವನ್ನು ನೋಡಬೇಕಾದರೆ 1902ರ ಜೂನ್ 30ನ್ನು ನೆನೆಯಬೇಕು. ಅಂದು ಶಿವನಸಮುದ್ರದ ಕಾವೇರಿಯ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಓಡಿ ಬಂದು ಚಿನ್ನದ ಗಣಿಯನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಅಂದಿನ ಲೋಕಕ್ಕೆ ಅದ್ಭುತವೇ ಸರಿ. ಈ ಯೋಜನೆಗಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಆ ದಿನವನ್ನು ಕಾಣದೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ತಂತಿಯಲ್ಲಿ ಹರಿಯುವ ವಿದ್ಯುತ್ತು ದಾರಿಯುದ್ದಕ್ಕೂ ತಂತಿಯನ್ನು ಬಿಸಿಮಾಡಿ ಸೋರಿಹೋಗುತ್ತದೆ. ಒತ್ತಡವನ್ನು, ಎಂದರೆ ವೋಲ್ಟನ್ನು, ಎರಡು ಪಾಲು ಮಾಡಿದರೆ ಪ್ರವಾಹ ಅರ್ಧವಾಗಿ, ಸೋರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ 30,000ಕ್ಕೂ ಮೀರಿದ ವೋಲ್ಟನ್ನು ತಂತಿಗೆ ಏರಿಸಿದರು. ಇಲ್ಲಿ ಎಫಿಷಿಯೆನ್ಸಿಯ ಲೆಕ್ಕ ಸ್ಪಷ್ಟ. ಗೆರೆಯ ಕೆಳಗೆ ಕಾವೇರಿಯ ನೀರು, ಗೆರೆಯ ಮೇಲೆ ಗಣಿಯ ರಾಟೆ. ಯಾರಿಗೂ ನೋವಿಲ್ಲ.

ಚಿನ್ನ ತೆಗೆಯುವ ಲೆಕ್ಕವೂ ಮೊದಮೊದಲು ಹೀಗೆಯೇ ತೋರುತ್ತಿತ್ತು. ಕಬ್ಬಿಣದ ಒನಕೆಗಳ ಸಾಲಿನಲ್ಲಿ ಅದಿರನ್ನು ಕುಟ್ಟಿ, ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಅಂಟದೆ ಹೋದ ನವುರಾದ ಚಿನ್ನ ಮರಳಿನೊಡನೆ ತೊಳೆದು ಹೋಗುತ್ತಿತ್ತು. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಎಂಬ ರಸಾಯನಶಾಸ್ತ್ರಜ್ಞನೂ ಫಾರೆಸ್ಟ್ ಸೋದರರೂ ಸೈನೈಡಿನ ನೀರು ಚಿನ್ನವನ್ನು ಕರಗಿಸಿ ಹೊರತರುವ ಕ್ರಮವನ್ನು ಕಂಡುಹಿಡಿದರು. 1890ರ ದಶಕದಲ್ಲಿ ಅದು ಕೋಲಾರಕ್ಕೆ ಬಂತು. ಕಸವೆಂದು ಚೆಲ್ಲಿದ್ದ ಮರಳು ಒಂದೇ ರಾತ್ರಿಯಲ್ಲಿ ಸಂಪತ್ತಾಯಿತು. ಅಂದಿನಿಂದ ಒಂದು ಟನ್ ಅದಿರಿನಲ್ಲಿರುವ ಚಿನ್ನದಲ್ಲಿ ಎಷ್ಟನ್ನು ಹಿಡಿಯಬಲ್ಲೆವು ಎಂಬ ಎಫಿಷಿಯೆನ್ಸಿ ಏರುತ್ತಲೇ ಹೋಯಿತು. ಆದರೆ ಆ ಒಂದು ಟನ್ನಿನಲ್ಲಿದ್ದ ಚಿನ್ನವೇ ಇಳಿಯುತ್ತ ಬಂತು. ಮೊದಲ ವರ್ಷಗಳಲ್ಲಿ ಟನ್ನಿಗೆ 40 ಗ್ರಾಮಿಗೂ ಹೆಚ್ಚು. ಕೊನೆಯ ವರ್ಷಗಳಲ್ಲಿ 3 ಗ್ರಾಮಿನ ಆಸುಪಾಸು. ಹತ್ತು ಲಕ್ಷ ಗ್ರಾಮು ಕಲ್ಲು ಒಡೆದು ಮೂರು ಗ್ರಾಮು! ಗುಡ್ಡ ಅಗೆದು ಇಲಿ ಹಿಡಿಯುವ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಯಿತು. ರಸಾಯನಶಾಲೆಯ ದೃಷ್ಟಿಯಲ್ಲಿ ಎಫಿಷಿಯೆಂಟ್ ಆಗಿದ್ದ ಕಾರ್ಖಾನೆ ಲೆಕ್ಕಪತ್ರದ ದೃಷ್ಟಿಯಲ್ಲಿ ಹೊರೆಯಾಯಿತು. 2001ರಲ್ಲಿ ಗಣಿ ಮುಚ್ಚಿದಾಗ ‘ಎಫಿಷಿಯೆನ್ಸಿ ಇಲ್ಲದ್ದರಿಂದ ಮುಚ್ಚಿತು’ ಎಂದು ಸುಲಭವಾಗಿ ಹೇಳಿದವರುಂಟು. ಯಾವ ಎಫಿಷಿಯೆನ್ಸಿ ಎಂದು ಅವರನ್ನು ಕೇಳಬೇಕು. ಕಲ್ಲಿನಲ್ಲೇ ಇಲ್ಲದ ಚಿನ್ನವನ್ನು ಯಾವ ದಕ್ಷನೂ ತೆಗೆಯಲಾರ.

ಇದಕ್ಕಿಂತ ಕಠಿಣವಾದ ಲೆಕ್ಕವೊಂದಿದೆ. ಅದು ಮನುಷ್ಯನದು.

ಭೂಮಿಯೊಳಗೆ ಇಳಿದಂತೆಲ್ಲ ಕಲ್ಲು ಬಿಸಿಯಾಗುತ್ತದೆ. ಚಾಂಪಿಯನ್ ರೀಫ್‌ನ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಮುಟ್ಟಿದರೆ ಕೈ ಸುಡುವಷ್ಟು. ಗಾಳಿಯನ್ನು ಯಂತ್ರಗಳಿಂದ ತಂಪುಮಾಡಿ ಕೆಳಕ್ಕೆ ಕಳುಹಿಸಿದರೂ ಅದರಲ್ಲಿ ತೇವ ತುಂಬಿರುತ್ತಿತ್ತು. ಬೆವರು ಆರದ ಗಾಳಿಯಲ್ಲಿ ಸುತ್ತಿಗೆ ಎತ್ತುವುದೆಂದರೇನೆಂದು ಮಂಗಳೂರಿನ ಮೇ ತಿಂಗಳನ್ನು ಕಂಡವರು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು. ಇಲ್ಲಿ ‘ಎಫೆಕ್ಟಿವ್’ ಪದದ ಒಂದು ಸತ್ಯವಾದ ಬಳಕೆ ಎದುರಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬಿಸಿ, ತೇವ, ಗಾಳಿಯ ಚಲನೆ ಮೂರನ್ನೂ ಕೂಡಿಸಿ ‘ಎಫೆಕ್ಟಿವ್ ಟೆಂಪರೇಚರ್’ ಎಂಬ ಅಳತೆಯನ್ನು ಕಟ್ಟಿದರು. ಉಷ್ಣಮಾಪಕ ಏನು ಹೇಳುತ್ತದೆ ಎಂಬುದಲ್ಲ, ಮೈ ಏನು ಹೇಳುತ್ತದೆ ಎಂಬುದು ಅದರ ತಾತ್ಪರ್ಯ.

1946ರಲ್ಲಿ ಲಂಡನ್ನಿನ ಗಣಿ ವಿದ್ಯಾಸಂಸ್ಥೆಯ ಪತ್ರಿಕೆಯಲ್ಲಿ ಕಾಪ್ಲಾನ್ ಮತ್ತು ಲಿಂಡ್ಸೆ ಎಂಬಿಬ್ಬರು ಕೋಲಾರದ ಗಣಿಯಲ್ಲಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಪ್ರಬಂಧದ ಶಿರೋನಾಮೆಯಲ್ಲಿಯೇ ನಮ್ಮ ಪದವಿದೆ: ಆಳವಾದ ಗಣಿಗಳ ಕೆಲಸಗಾರರ ‘ಎಫಿಷಿಯೆನ್ಸಿ’ಯ ಮೇಲೆ ಅಧಿಕ ಉಷ್ಣದ ಪ್ರಭಾವ. ತೇವದ ಬಿಸಿ ಏರಿದಂತೆ ಅದೇ ಮನುಷ್ಯ, ಅದೇ ತೋಳು, ಅದೇ ಮನಸ್ಸು, ಆದರೆ ಕೆಲಸ ಮಾತ್ರ ಕುಗ್ಗುತ್ತ ಹೋಗುತ್ತದೆ. ಇದರ ಮಹತ್ತ್ವವನ್ನು ಗಮನಿಸಬೇಕು. ಅದುವರೆಗೆ ಕೂಲಿಯವನು ನಿಧಾನಿಸಿದರೆ ‘ಸೋಮಾರಿ’ ಎಂಬುದು ಮೇಸ್ತ್ರಿಯ ತೀರ್ಪು. ಈ ಪ್ರಯೋಗದ ತರುವಾಯ ಅದೇ ನಿಧಾನ ಗಾಳಿಯ ಗುಣಲಕ್ಷಣವಾಯಿತು. ದೋಷ ಮನುಷ್ಯನಿಂದ ಎದ್ದು ಸುರಂಗದ ಮೇಲೆ ಹೋಗಿ ಕುಳಿತಿತು. ಒಂದು ಪದವನ್ನು ಸರಿಯಾಗಿ ಬಳಸಿದರೆ ಇಷ್ಟು ಕೆಲಸವಾಗುತ್ತದೆಂದರೆ ವ್ಯಾಕರಣದ ಮೇಷ್ಟರುಗಳು ಹಿಗ್ಗಬಹುದು.

ಆದರೆ ಗೆರೆಯ ಕೆಳಗೆ ಏನನ್ನು ಬರೆಯದೆ ಬಿಟ್ಟೆವು ಎಂಬುದೂ ಇದೆ. ಒತ್ತಿದ ಗಾಳಿಯಿಂದ ನಡೆಯುವ ಬೈರಿಗೆ ಯಂತ್ರ ಬಂದಾಗ ಒಬ್ಬ ಮನುಷ್ಯ ಒಂದು ಪಾಳಿಯಲ್ಲಿ ಕೊರೆಯುವ ತೂತುಗಳ ಸಂಖ್ಯೆ ಏರಿತು. ಅದರೊಡನೆ ನವುರಾದ ಕಲ್ಲಿನ ಧೂಳೂ ಏರಿತು. ಆ ಧೂಳು ಶ್ವಾಸಕೋಶದಲ್ಲಿ ನೆಲಸಿ ತರುವ ರೋಗವೇ ಸಿಲಿಕೋಸಿಸ್. ಭಾರತದಲ್ಲಿ ಆ ರೋಗದ ಮೊದಲ ದೊಡ್ಡ ವರದಿ 1947ರಲ್ಲಿ ಬಂದದ್ದು ಈ ಕೋಲಾರದ ಗಣಿಗಳಿಂದಲೇ. ಪರೀಕ್ಷೆ ಮಾಡಿದ ಸಾವಿರಾರು ಕೆಲಸಗಾರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂದಿತ್ತು. ನೀರು ಚಿಮುಕಿಸಿ ಕೊರೆದರೆ ಧೂಳು ಅಡಗುತ್ತದೆ. ನೀರಿಗೆ ಕೊಳವೆ ಬೇಕು, ವೇಳೆ ಬೇಕು. ಕೆಳಗಿನ ಗಾಳಿಗೆ ಇನ್ನಷ್ಟು ತೇವ ಸೇರುತ್ತದೆ. ಧೂಳನ್ನು ತಡೆದರೆ ಸೆಕೆ, ಸೆಕೆಯನ್ನು ತಡೆದರೆ ಧೂಳು. ಇಂಥ ಇಕ್ಕಟ್ಟಿನಲ್ಲಿ ‘ಒಂದು ಪಾಳಿಗೆ ಇಷ್ಟು ಅಡಿ ಕೊರೆತ’ ಎಂಬ ಎಫಿಷಿಯೆನ್ಸಿಯ ಅಂಕಿ ಸುಳ್ಳಲ್ಲ. ಆದರೆ ಆ ಅಂಕಿಯ ಕೆಳಗೆ ಪಾಳಿಯ ಗಂಟೆಗಳನ್ನು ಬರೆದಿದ್ದರೇ ಹೊರತು, ನಲವತ್ತಕ್ಕೆ ಏದುಸಿರು ಬಿಡುವ ಎದೆಯನ್ನು ಬರೆದಿರಲಿಲ್ಲ.

ಕಚೇರಿಯ ಕಟ್ಟೆ

ಯಂತ್ರಕ್ಕೆ ಹುಟ್ಟಿದ ಪದ ಕಚೇರಿಗೆ ಬರಲು ತಡವಾಗಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಸರ್ಕಾರದ ಇಲಾಖೆಗಳಲ್ಲಿ ‘ಎಫಿಷಿಯೆನ್ಸಿ ಆಡಿಟ್’ ಎಂಬ ತನಿಖೆಯನ್ನು ಏರ್ಪಡಿಸಿದರು. ಹಣದ ಲೆಕ್ಕ ಸರಿಯಿದ್ದರೆ ಸಾಲದು, ಕೆಲಸದ ಲೆಕ್ಕವೂ ಸರಿಯಿರಬೇಕೆಂಬುದು ಆ ಎಂಜಿನಿಯರ್ ದಿವಾನರ ಸಂಕಲ್ಪ. ಅದಕ್ಕಿಂತಲೂ ಮನೆಮನೆಗೆ ಪರಿಚಿತವಾದದ್ದು ‘ಎಫಿಷಿಯೆನ್ಸಿ ಬಾರ್’. ಹಳೆಯ ಸಂಬಳದ ಶ್ರೇಣಿಗಳಲ್ಲಿ ಅಂಕಿಗಳ ನಡುವೆ ‘ಇ.ಬಿ.’ ಎಂಬ ಎರಡಕ್ಷರ ಇರುತ್ತಿತ್ತು. ಅಲ್ಲಿಗೆ ಬಂದ ಗುಮಾಸ್ತೆಯ ವಾರ್ಷಿಕ ಬಡ್ತಿ, ಮೇಲಧಿಕಾರಿ ‘ದಕ್ಷ’ ಎಂದು ಒಪ್ಪುವವರೆಗೆ ನಿಂತುಬಿಡುತ್ತಿತ್ತು. ಆ ಎರಡಕ್ಷರವನ್ನು ದಾಟಲು ಎಷ್ಟು ಮಂದಿ ಎಷ್ಟು ತೆಂಗಿನಕಾಯಿ ಒಡೆದರೋ! ಈಗ ಆ ಕಟ್ಟೆ ಇಲ್ಲ. ಇದ್ದಾಗ ಅದು ಅಳೆಯುತ್ತಿದ್ದುದು ದಕ್ಷತೆಯನ್ನೋ ವಿಧೇಯತೆಯನ್ನೋ ಎಂಬ ವಿಷಯದಲ್ಲಿ ಗುಮಾಸ್ತೆಗಳಿಗೂ ಅಧಿಕಾರಿಗಳಿಗೂ ಎಂದೂ ಒಮ್ಮತವಿರಲಿಲ್ಲ. ಗಣಿಯ ಯಂತ್ರಕ್ಕಾದರೆ ಬುಷೆಲ್ ಇತ್ತು, ಅಡಿ ಇತ್ತು; ಗುಮಾಸ್ತೆಗೆ ಏನು ಹಿಡಿದು ಅಳೆಯುವುದು?

ಏನೂ ಬಾರದ ಫಲ

ಈ ಪದದ ಅತ್ಯಂತ ನಿರ್ಮಲವಾದ ಬಳಕೆ ಚಾಂಪಿಯನ್ ರೀಫ್ಸಿನ ಆಳದಲ್ಲಿ, ಚಿನ್ನಕ್ಕೆ ಸಂಬಂಧವೇ ಇಲ್ಲದ ಕಾರ್ಯದಲ್ಲಿ ನಡೆಯಿತು ಎಂದು ನನಗೆ ತೋರುತ್ತದೆ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಕಣಗಳು ಎಷ್ಟು ಆಳದವರೆಗೆ ಕಲ್ಲನ್ನು ತೂರಿ ಬರುತ್ತವೆ ಎಂದು ನೋಡಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು 1950ರ ದಶಕದಿಂದಲೇ ಈ ಗಣಿಗೆ ಉಪಕರಣಗಳನ್ನು ಇಳಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ 2.7 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣವನ್ನು ವಾರಗಟ್ಟಲೆ ಇಟ್ಟರು. ಒಂದು ಕಣವೂ ದಾಖಲಾಗಲಿಲ್ಲ.

ಸಾಮಾನ್ಯರು ಇದನ್ನು ವ್ಯರ್ಥ ಪ್ರಯತ್ನ ಎಂದಾರು. ವಿಜ್ಞಾನಿಗಳು ಹಿಗ್ಗಿದರು. ಅಷ್ಟು ನಿಶ್ಶಬ್ದವಾದ ಸ್ಥಳವಿದ್ದರೆ, ಇಡೀ ಭೂಗೋಳವನ್ನೇ ತೂರಬಲ್ಲ ನ್ಯೂಟ್ರಿನೊ ಎಂಬ ಕಣದ ಸುಳಿವನ್ನು ಅಲ್ಲಿ ಹಿಡಿಯಬಹುದಲ್ಲ! ಆದರೆ ಈ ಹಿಗ್ಗಿಗೆ ಒಂದು ಷರತ್ತಿತ್ತು. ಕಣ ಬಾರದೆಯೇ ಸೊನ್ನೆಯಾಯಿತೋ, ಬಂದರೂ ಉಪಕರಣ ಕಾಣದೆ ಸೊನ್ನೆಯಾಯಿತೋ? ಹಾದುಹೋದ ನೂರು ಕಣಗಳಲ್ಲಿ ಎಷ್ಟನ್ನು ಉಪಕರಣ ಎಣಿಸುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿ ತಿಳಿದಿರಬೇಕು. ಅದನ್ನು ಅವರು ಕರೆಯುವುದು ಎಫಿಷಿಯೆನ್ಸಿ ಎಂದೇ. ಮನೆಯಲ್ಲಿ ಕಳ್ಳ ಬರಲಿಲ್ಲ ಎಂಬ ಕಾವಲುಗಾರನ ಮಾತನ್ನು ನಂಬುವ ಮುನ್ನ ಅವನು ರಾತ್ರಿಯಲ್ಲಿ ಎಷ್ಟು ಹೊತ್ತು ಎಚ್ಚರವಾಗಿದ್ದನೆಂದು ಕೇಳುವುದಿಲ್ಲವೆ? ಹಾಗೆ. ಎಫಿಷಿಯೆನ್ಸಿ ಗೊತ್ತಿದ್ದ ಸೊನ್ನೆ ಜ್ಞಾನ. ಗೊತ್ತಿಲ್ಲದ ಸೊನ್ನೆ ಬರಿಯ ಸೊನ್ನೆ.

1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ, ಚಾಂಪಿಯನ್ ರೀಫ್ಸಿನ 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಲ್ಲಿಗೆ ತಾಕಿ ಎಬ್ಬಿಸಿದ ಕಣವನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ಮತ್ತೊಂದು ತಂಡವೂ ಕಂಡಿತು. ಲೋಕದಲ್ಲಿ ಅಂಥ ನ್ಯೂಟ್ರಿನೊಗಳ ಮೊದಲ ದರ್ಶನ ಅದು. 1980ರಿಂದ ಅದೇ ಆಳದಲ್ಲಿ, ಪ್ರೋಟಾನ್ ಎಂಬ ಕಣ ಎಂದಾದರೂ ನಶಿಸುತ್ತದೆಯೆ ಎಂದು ನೋಡಲು ಕಬ್ಬಿಣದ ದೊಡ್ಡ ಉಪಕರಣವನ್ನು ಕಟ್ಟಿ ವರ್ಷಗಟ್ಟಲೆ ಕಾದರು. ಅನ್ನಕ್ಕಾಗಿ ಇಳಿದವರ ಪಕ್ಕದಲ್ಲಿಯೇ, ಅದೇ ತೊಟ್ಟಿಲಿನಲ್ಲಿ, ಏನೂ ಸಿಕ್ಕದಿರುವುದನ್ನು ಎಣಿಸಲು ಇಳಿಯುವವರೂ ಇದ್ದರು!

ಈಗ ಆ ತೊಟ್ಟಿಲುಗಳು ಇಳಿಯುವುದಿಲ್ಲ. ಸುರಂಗಗಳಲ್ಲಿ ನೀರು ತುಂಬಿದೆ. ಗಣಿಯವರು ತೆಗೆದದ್ದೆಲ್ಲ ಲೋಕದ ಪೆಟ್ಟಿಗೆಗಳಲ್ಲಿಯೂ ಕೊರಳುಗಳಲ್ಲಿಯೂ ಇದೆ. ತೆಗೆಯಲಾಗದೆ ಬಿಟ್ಟದ್ದು ಊರಿನ ನಡುವೆಯೇ ಇದೆ. ಸೈನೈಡಿನ ನೀರಿನಲ್ಲಿ ತೊಳೆದು ಚೆಲ್ಲಿದ ಬೂದುಬಣ್ಣದ ಮರಳು 13 ದಿಬ್ಬಗಳಾಗಿ, ಸುಮಾರು 3 ಕೋಟಿ 30 ಲಕ್ಷ ಟನ್ನುಗಳಷ್ಟು ಬಿದ್ದಿದೆ. ಸಿನಿಮಾದವರು ಅಲ್ಲಿ ಹೊಡೆದಾಟದ ದೃಶ್ಯಗಳನ್ನು ತೆಗೆಯುತ್ತಾರೆ. ಗಾಳಿಯ ತಿಂಗಳುಗಳಲ್ಲಿ ಅದರ ಧೂಳು ಎದ್ದು ಕಾಲೋನಿಯ ಮನೆಗಳ ಹೊಸ್ತಿಲಿನ ಮೇಲೆ ಬಂದು ಕೂರುತ್ತದೆ. ನೂರಕ್ಕೆ ನೂರು ಎಫಿಷಿಯೆನ್ಸಿ ಯಾವ ಯಂತ್ರಕ್ಕೂ ಇಲ್ಲವಷ್ಟೆ. ಆದ್ದರಿಂದ ಆ ಮರಳಿನಲ್ಲಿ ಇನ್ನೂ ಚಿನ್ನವಿದೆ. 2024ರಲ್ಲಿ ರಾಜ್ಯದ ಸಚಿವ ಸಂಪುಟ ಆ ದಿಬ್ಬಗಳನ್ನು ಮತ್ತೊಮ್ಮೆ ಸೋಸಲು ಒಪ್ಪಿಗೆ ಕೊಟ್ಟಿತು.